ಸೊನ್ನೆ ಟಿಕೆಟ್

ಅಂಕೋಲಾ–ಕಾರವಾರ, ಏಳೂ ಹತ್ತರ ಗಾಡಿ.
ಖಾಕಿ ಅಂಗಿಯ ಕೆಳಗಿನೆರಡು ಗುಂಡಿ
ಈ ವಾರದಿಂದ ಕೂಡುತ್ತಿಲ್ಲ.
ಅಷ್ಟೇ ಸಾಕಾಯಿತು ಜನಕ್ಕೆ.
ಎರಡು ರೂಪಾಯಿ ಚಿಲ್ಲರೆಗೆ ನಿನ್ನೆವರೆಗೆ
ಜಗಳ ಕಾದವರೂ ಈಗ
ಪುಕ್ಕಟೆ ಔಷಧಿ ಹಿಡಿದು ಹತ್ತುತ್ತಾರೆ.

ಬೇಲೇಕೇರಿಯ ಗುಲಾಬಿ ಹರಿಕಂತ್ರ
ಮೀನುಬುಟ್ಟಿಯ ಎಲೆಯಡಿಯಿಂದ ತೆಗೆದ ಪೊಟ್ಟಣ:
ಲೋಳೆಸರದ ಒಣಪುಡಿ, ಹೊಟ್ಟೆ ಕಟ್ಟಿದರೆ ನೀರಿಗೆ ಹಾಕು.
ಹಾರವಾಡದ ಫಿಲೋಮೆನಾ ಬಾಯಿಯದು ಕೇಸರಿ,
ಮಗು ಬೆಳ್ಳಗಾಗಲಿ ಅಂತ;
ನನ್ನ ಮೊಣಕೈ ನೋಡಿಯೇ ಹೇಳಿದಳು.
ನಿವೃತ್ತ ಮಾಸ್ತರು ಹಮ್ಮಣ್ಣ ನಾಯಕರದು ಅಶ್ವಗಂಧ,
ಜೊತೆಗೆ ಅರ್ಧ ತಾಸು ಪುರಾಣ.
ಅವರ್ಸಾದಲ್ಲಿ ಹತ್ತುವ ಟೈ ಕಟ್ಟಿದ ಹುಡುಗ
ಸೋಮವಾರ ಒಂದು ಡಬ್ಬಿ ಮಾರಿದ:
“ನೂರಕ್ಕೆ ನೂರು ನ್ಯಾಚುರಲ್ ಮೇಡಂ,
ಸೈಡ್ ಎಫೆಕ್ಟ್ ಸೊನ್ನೆ.”
ಸಾವಿರದ ನಾನೂರು. ಕಂತಾದರೂ ಅಡ್ಡಿಯಿಲ್ಲ.

ಎಲ್ಲವನ್ನೂ ಚರ್ಮದ ಚೀಲಕ್ಕೆ ಹಾಕಿಕೊಂಡೆ,
ಹರಕು ಹತ್ತರ ನೋಟುಗಳ ಪಕ್ಕ.
ತಾಯಿ ಇಲ್ಲದೆ ಬೆಳೆದವಳು;
ಯಾರು ಏನು ಕೊಟ್ಟರೂ
ಮೊದಲು ಕೈ ಚಾಚುತ್ತೇನೆ,
ಆಮೇಲೆ ಕೇಳುತ್ತೇನೆ ಏನೆಂದು.

ಗುರುವಾರ ತೊಡೂರಿನಲ್ಲಿ ಬೊಮ್ಮಜ್ಜಿ ಹತ್ತಿದಳು,
ಕೊರಳ ತುಂಬ ಮಣಿ, ಮಡಿಲಲ್ಲಿ ಬೇರಿನ ಗಂಟು.
ಕಾಮಾಲೆಗೆ, ಸರ್ಪಸುತ್ತಿಗೆ ಅರ್ಧ ತಾಲೂಕು
ಅವಳ ಅಂಗಳದಲ್ಲಿ ಕೂರುತ್ತದೆ.
ಆಧಾರ್ ತೋರಿಸಿದಳು. ಸೊನ್ನೆ ಟಿಕೆಟ್ ಹರಿದೆ.
“ಅಜ್ಜೀ, ಸೊಂಟ ನೋವು. ನಂಗೂ ಏನಾದ್ರೂ ಕೊಡು.”

ನನ್ನ ಗುಂಡಿಯಿಲ್ಲದ ಅಂಗಿ ನೋಡಿದಳು.
ಗಂಟಿನ ಬಾಯನ್ನು ಇನ್ನೊಂದು ಸುತ್ತು ಬಿಗಿದಳು.
“ಇದ್ರಲ್ಲಿ ನಿಲ್ಲಿಸೂ ಬೇರೂ ಅದೆ, ಇಳಿಸೂ ಬೇರೂ ಅದೆ.
ಎರಡಕ್ಕೂ ಒಂದೇ ಮಣ್ಣಿನ ಬಣ್ಣ.
ಗೊತ್ತಿದ್ದಕ್ಕೇ ಕೊಡುದಿಲ್ಲ ನಾನು.
ಹಸ್ರು ಅಂದ್ರೆ ಸಾಧು ಅಂದ್ಕಂಡ್ಯನೇ?
ಕಾಸರಕನ ಮರವೂ ಹಸ್ರೇ.
ಈಗ ಹರ್ದು ಕೊಟ್ಯಲ್ಲ ಸೊನ್ನೆ,
ಬಸುರಿಗೆ ನಾ ಹರಿಯೂದೂ ಅದೇ.
ದವಾಖಾನೆಗೆ ಹೋಗು.”

ಬಿಣಗಾ ದಾಟಿದರೆ ಸುರಂಗ.
ಗಾಡಿಯೊಳಗಿನ ದೀಪ ಕೆಟ್ಟು ತಿಂಗಳಾಯಿತು.
ಕತ್ತಲಲ್ಲಿ ಕಂಬಿ ಹಿಡಿದು ಲೆಕ್ಕ ಹಾಕಿದೆ:
ಡಬ್ಬಿಯ ಗುಳಿಗೆ, ದಿನಕ್ಕೆರಡು, ಮೂರು ದಿನ.

ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ
ಡಾಕ್ಟರ್ ಶಮೀನಾ ಚೀಲ ಸುರಿಯಲು ಹೇಳಿದರು.
ಚೆಕಿಂಗ್ ಸ್ಕ್ವಾಡ್ ಹತ್ತಿದ ಹಾಗೆ
ಒಂದೊಂದನ್ನೇ ಎತ್ತಿ ವಿಚಾರಿಸಿದರು.
ಲೋಳೆಸರ ಹೊಟ್ಟೆಗೆ ಬೇಡ.
ಅಶ್ವಗಂಧ ಮಾಸ್ತರಿಗೇ ವಾಪಸು.
ಕೇಸರಿಯ ಎರಡು ಎಸಳು ಕೇಡು ಮಾಡುವುದಿಲ್ಲ,
ಬಣ್ಣವನ್ನೂ ಮಾಡುವುದಿಲ್ಲ.
ಚಹಾಕ್ಕೆ ಚೂರು ಶುಂಠಿ? ಹಾಕಿಕೋ ಮಾರಾಯ್ತಿ.
ಡಬ್ಬಿಯನ್ನು ಮಾತ್ರ ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದರು.
ಮೇಲೆ ದೊಡ್ಡ ಎಲೆಯ ಚಿತ್ರ.
ಒಳಗೆ ಏನು, ಎಷ್ಟು,
ಒಂದಕ್ಷರ ಇಲ್ಲ.
ಟಿಕೆಟ್ಟಿಲ್ಲದೆ ಹತ್ತಿ ಹಿಂದಿನ ಸೀಟಿನಲ್ಲಿ
ನಿದ್ದೆ ನಟಿಸುವವನ ಹಾಗೆ.

“ಎಷ್ಟು ನುಂಗಿದೆ?”
ನಾಲ್ಕು ಅನ್ನೋಣವೆನ್ನಿಸಿತು.
ಆರು ಅಂದೆ.

ಬೈದಿದ್ದರೆ ಹಗುರಾಗುತ್ತಿದ್ದೆ.
ಬೈಯಲಿಲ್ಲ, ಬರೆದುಕೊಂಡರು.
ಇವತ್ತೇ ರಕ್ತ. ಸೋಮವಾರ ಸ್ಕ್ಯಾನಿಂಗ್.
ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ;
ಜೊತೆಗೆ ಹತ್ತಿಸಿದರೆ
ಒಂದೇ ಸೀಟಿಗೆ ಕಾದಾಡುತ್ತವಂತೆ.

ಮಧ್ಯಾಹ್ನದ ವಾಪಸು ಗಾಡಿ. ಅವರ್ಸಾ.
ಟೈ ಹುಡುಗ ಕೈ ಮಾಡಿದ. ಹತ್ತಿಸಿಕೊಂಡೆ,
ಹತ್ತಿಸಿಕೊಳ್ಳದೆ ಆಗುತ್ತದೆಯೇ?
ಪೂರ್ತಿ ಟಿಕೆಟ್ ಹರಿದು ಕೈಗಿಟ್ಟೆ.
ಡಬ್ಬಿಯ ಮಾತು ತೆಗೆಯಬೇಕು, ಬಾಯಿ ತೆರೆದೆ,

ಆಗ ಹೊಟ್ಟೆಯೊಳಗೆ ಟಪ್ ಎಂದಿತು,
ಮೊಟ್ಟಮೊದಲ ಸಲ.

ನಮ್ಮಲ್ಲಿ ಒಂದು ಸೀಟಿ ಅಂದರೆ ನಿಲ್ಲಿಸು.
ಎರಡು ಅಂದರೆ ಹೋಗು, ರೈಟ್.

ಒಂದಾಯಿತು.
ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾನೆ.
ತಡಿ ಅಣ್ಣಾ,
ಇನ್ನೊಂದಕ್ಕೆ ಕಾಯುತ್ತಿದ್ದೇನೆ.