ಅರಸೀಕೆರೆ ಅಂದರೆ ಬಲಕ್ಕೆ

ಕೊನೇ ಟ್ರಿಪ್ಪು ಮುಗಿಸಿ ಡಿಪೋಗೆ ಬಂದ ರಾತ್ರಿ
ಹಿಂದಿನ ಟಯರಿನ ಪಕ್ಕ ಮುದುಡಿ ಕೂತಿತ್ತು,
ಯಾರಿಗೋ ಕೊಡದೆ ಉಳಿದ ಎಂಟಾಣೆಯ ಹಾಗೆ.
ಚಿಲ್ರೆ ಅಂತಲೇ ಹೆಸರಾಯಿತು.
ಒಂದು ಕಿವಿ ನಿಂತದ್ದು, ಒಂದು ಬಿದ್ದದ್ದು.
ಯಾವ ಜಾತಿ ಅಂದವರಿಗೆ
ಹಾಸನ ಅಂತೀನಿ.

ಪಶುವೈದ್ಯ ಕಾಲೇಜಿನ ಹುಡುಗಿ ಲವೀನಾ
ಸೂಜಿ ಚುಚ್ಚುತ್ತ ಹೇಳಿದಳು:
‘ರ್‍ಯಾಲಿ ಅಂತ ಒಂದು ಆಟ ಇದೆ, ಮೇಡಂ.’
ರ್‍ಯಾಲಿ ಅಂದರೆ ನನಗೆ ಗೊತ್ತಿದ್ದದ್ದು
ಬಾವುಟ, ಬಿರಿಯಾನಿ ಪೊಟ್ಟಣ,
ಸರ್ಕಲ್ಲಿನಲ್ಲಿ ಒಂದು ಗಂಟೆ ನಿಂತ ಬಸ್ಸು.
ಇದು ಅದಲ್ಲವಂತೆ.
ಮೈದಾನದಲ್ಲಿ ಹದಿನೈದು ಫಲಕ ನೆಡುತ್ತಾರೆ,
ಒಂದೊಂದರಲ್ಲೂ ಒಂದು ಅಪ್ಪಣೆ:
ಕೂರು, ತಿರುಗು, ನಿಧಾನ,
ಕೋನುಗಳ ನಡುವೆ ಹಾವಿನಂತೆ ಹರಿ.
ನಾಯಿ ನಮ್ಮ ಎಡಗಾಲ ಪಕ್ಕ, ಹಗ್ಗ ಸಡಿಲ.
ದಾರಿಯುದ್ದಕ್ಕೂ ಅದರ ಜೊತೆ ಮಾತಾಡಬಹುದು,
ಹೊಗಳಬಹುದು, ಗೋಗರೆಯಬಹುದು.

‘ಮಾತಾಡಬಹುದಾ?’
ಎರಡು ಸಲ ಕೇಳಿದೆ.
ಇಪ್ಪತ್ತೆರಡು ವರ್ಷ ಕಂಡಕ್ಟರು ನಾನು.
ಮುಂದೆ ನಡೀರಿ, ಹಿಂದೆ ಜಾಗ ಇದೆ, ಒಳಗೆ ಬನ್ನಿ,
ಬಾಗಿಲಲ್ಲಿ ನಿಲ್ಲಬೇಡಿ ಸ್ವಾಮಿ:
ಈ ಮಾತಿಗೆ ಅಲುಗಿದ ಒಂದು ಪ್ರಾಣಿಯನ್ನೂ
ನಾನು ಕಂಡಿರಲಿಲ್ಲ.

ಡಿಪೋ ಹಿಂದೆ, ಗುಜರಿ ಬಸ್ಸುಗಳ ನಡುವೆ ಶುರುವಾಯಿತು.
ಮೆಕ್ಯಾನಿಕ್ ಖಲಂದರ್ ಹಳೇ ಬೋರ್ಡು ತಂದುಕೊಟ್ಟ.
ಮುಂದೆ ಅರಕಲಗೂಡು, ಕೊಣನೂರು,
ಹಿಂದೆ ಬಿಳಿ ಬಳಿದು ನಾವು ಬರೆದ ಬಾಣ.
ಚರ್ಮದ ಚೀಲದ ಒಂದು ಖಾನೆಯಲ್ಲಿ
ಬೇಯಿಸಿದ ಆಲೂಗಡ್ಡೆ ಚೂರು.
‘ಹೋಲ್ಡಾನ್’ ಅಂದರೆ ಕೂತಿತು.
‘ರೈಟ್’ ಅಂದರೆ ಹೊರಟಿತು.
ಹಗ್ಗ ಹೇಗಿರಬೇಕು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ:
ಹಳೇ ಬಸ್ಸಿನ ಗಂಟೆಯ ಹಗ್ಗದ ಹಾಗೆ,
ಕೊಕ್ಕೆಯಿಂದ ಕೊಕ್ಕೆಗೆ ಜೋತು,
ಇದೆ ಅನ್ನುವುದೇ ಮರೆತುಹೋಗುವ ಹಾಗೆ.

ತೊಡಕು ಒಂದೇ. ಇಂಗ್ಲಿಷಿನ ರೈಟು ಬಲಕ್ಕೆ;
ನಮ್ಮ ರೈಟು ಹೋಗ್ತಾ ಇರು.
ಹಾಗಾಗಿ ಬಲಕ್ಕೆ ಅರಸೀಕೆರೆ ಅಂತ ಇಟ್ಟೆ,
ಎಡಕ್ಕೆ ಹೊಳೇನರ್ಸೀಪುರ,
ಪೂರ್ತಿ ಹಿಂದಕ್ಕೆ ತಿರುಗಿದರೆ ಡಿಪೋ,
ನಿಧಾನಕ್ಕೆ ಹಂಪು.
ಒಂದು ತಿಂಗಳಲ್ಲಿ ಚಿಲ್ರೆ ಜಿಲ್ಲೆ ಕಲಿಯಿತು.

ಸ್ಪರ್ಧೆಯ ಭಾನುವಾರ, ಕಾಲೇಜಿನ ಮೈದಾನ.
ಸಕಲೇಶಪುರದ ತೋಟದ ಲ್ಯಾಬ್ರಡಾರು
ಎಣ್ಣೆ ಹಚ್ಚಿ ಬಾಚಿದ ಮದುಮಗನಂತೆ ಬಂದಿತ್ತು.
ಮೈದಾನದೊಳಗೆ ತಿಂಡಿ ಕೂಡದು ಅಂದರು,
ಚೀಲ ಬಿಚ್ಚಿ ಖಲಂದರ್ ಕೈಗೆ ಕೊಟ್ಟೆ,
ಒಂದು ಭುಜ ಎತ್ತರವಾದಂತೆ ಆಯಿತು.
ಆರು ಫಲಕ ಸಲೀಸು.
ಏಳನೆಯದು ಬಲಬಾಣ.
ಬಾಯಿ ನನ್ನದಲ್ಲವೇ,
‘ರೈಟ್!’ ಅಂದುಬಿಟ್ಟಿತು.

ಹೋಯಿತು.
ನೆಟ್ಟಗೆ, ಹಗ್ಗ ಬಿಡಿಸಿಕೊಂಡು, ಗೆರೆ ದಾಟಿ,
ತೀರ್ಪುಗಾರರ ಕುರ್ಚಿಯತ್ತ
ಎಕ್ಸ್‌ಪ್ರೆಸ್ಸು ಚಿಲ್ರೆ!
‘ಹೋಲ್ಡಾನ್!’
ಅದು ಇಪ್ಪತ್ತೆರಡು ವರ್ಷದ ಗಂಟಲು.
ಚಿಲ್ರೆ ನಿಂತಲ್ಲೇ ಕೂತಿತು.
ಲ್ಯಾಬ್ರಡಾರೂ ಕೂತಿತು.
ಬೇಲಿಯಾಚೆ ಎಳನೀರು ಕೊಚ್ಚುತ್ತಿದ್ದವನ ಮಚ್ಚು
ಗಾಳಿಯಲ್ಲೇ ತಡೆಯಿತು.

ಗೆರೆ ದಾಟಿದ ಮೇಲೆ ಅಂಕವಿಲ್ಲ, ಅದು ನಿಯಮ.
‘ಆದರೂ ಮುಗಿಸಿ’ ಅಂದರು ತೀರ್ಪುಗಾರರು, ಕಣ್ಣೊರೆಸಿಕೊಂಡು.
ಮುಗಿಸಿದೆವು. ಅರಸೀಕೆರೆಗೆ ಹೋದೆವು,
ಹೊಳೇನರ್ಸೀಪುರಕ್ಕೆ ಹೋದೆವು,
ಹಂಪು ಹತ್ತಿ ಇಳಿದು ಡಿಪೋ ಸೇರಿದೆವು.
ಚೀಟಿಯಲ್ಲಿ ಸೊನ್ನೆ.
ಅದರ ಹಿಂದೆ, ಟಿಕೆಟ್ಟಿನ ಹಿಂದೆ ಬರೆಯುವ ಹಾಗೆ,
ಬಾಕಿ ನೂರು ಅಂತ ಬರೆದು ಸುತ್ತು ಹಾಕಿ ಇಟ್ಟುಕೊಂಡೆ.
ಮುಂದಿನ ಸಲ ಇಸ್ಕೊಳ್ಳೋದು.

ಸೋಮವಾರ ಆರೂಕಾಲರ ಬಸ್ಸು, ಕಾಲಿಡಲು ಜಾಗವಿಲ್ಲ.
‘ಒಳಗೆ ನಡೀರಿ, ಹಿಂದೆ ಜಾಗ ಇದೆ.’
ಸ್ವೆಟರು ತೊಟ್ಟ ಒಬ್ಬರು ಹಿರಿಯರು
ಥಟ್ಟನೆ ಹಿಂದಕ್ಕೆ ನಡೆದರು, ತಿರುಗಿ ನಿಂತರು,
ನನ್ನ ಮುಖ ನೋಡಿದರು.
‘ಭಲೇ!’ ಅಂದಿತು ಬಾಯಿ.
ಕೈ ಆಗಲೇ ಚೀಲದಲ್ಲಿತ್ತು,
ಆಲೂಗಡ್ಡೆ ಹುಡುಕುತ್ತ.