ಕೇಳಿಸಿದ್ದು

ಗೋಣಿಕೊಪ್ಪಲಿನ ನಮ್ಮ ಕಾಲೇಜಿಗೆ ತಾಗಿಕೊಂಡೇ
ಒಂದು ಕಾಫಿ ಪಲ್ಪಿಂಗ್ ಯಾರ್ಡು.
ಡಿಸೆಂಬರಿನಲ್ಲಿ ಅದರ ಎಂಜಿನ್ನು
ಸ್ಟಾಫ್ ರೂಮಿನ ಗಾಜುಗಳನ್ನೆಲ್ಲ ನಡುಗಿಸುತ್ತದೆ.
ಆ ಸದ್ದನ್ನು ಮೊದಲೇ ಹೇಳಿಬಿಡುತ್ತೇನೆ,
ನೆಪ ಬೇಕಾದವರಿಗೆ ಇರಲಿ.

ವೈ. ಎಂ. ಜಾನು, ಪ್ರಥಮ ಪಿಯುಸಿ, ವಿಜ್ಞಾನ.
ಹಾಜರಿ ಪುಸ್ತಕದಲ್ಲಿ ಅವಳ ಸಾಲಿಗೆ
ಲ್ಯಾಬಿನ ದಿನಗಳಲ್ಲೆಲ್ಲ ಕೆಂಪು ಶಾಯಿ.
ಕರೆಸಿದೆ. ಕುರ್ಚಿ ಇರಲಿಲ್ಲ, ನಿಂತಳು.
ಉಗುರಿನ ಸಂದಿಯಲ್ಲಿ ಕಾಫಿ ಹಣ್ಣಿನ ಕಪ್ಪು;
ಕಂಡಿತ್ತು ನನಗೆ.
"ಯಾಕೆ ಬರಲ್ಲ ಲ್ಯಾಬಿಗೆ?"
ಅವಳು ಏನೋ ಅಂದಳು, ನೆಲಕ್ಕೆ.
ನನಗೆ ಕೇಳಿಸಿದ್ದು: ಮನಸ್ಸಿಲ್ಲ ಮೇಡಂ.

ಅಷ್ಟು ಸಾಕಾಯಿತು.
ಮನಸ್ಸಿನ ಮೇಲೆ ನನ್ನ ಹತ್ತಿರ
ಇಪ್ಪತ್ತು ವರ್ಷದ ಸರಕಿದೆ.
ಛಲ, ಏಕಾಗ್ರತೆ, ನಸುಕಿನ ಓದು,
ಬೀದಿದೀಪದಡಿ ಕೂತು ಡಾಕ್ಟರಾದ ಯಾರೋ,
ಶನಿವಾರಸಂತೆಯ ಹಾಸ್ಟೆಲಿನಲ್ಲಿ ತಣ್ಣೀರು ಮಿಂದು
ರ‍್ಯಾಂಕು ತಪ್ಪಿಸಿಕೊಂಡ ನಾನು.
ಕೊನೆಗೆ ಊಟದ ಡಬ್ಬಿ ಮುಚ್ಚುತ್ತ,
"ಮನಸ್ಸಿದ್ದರೆ ಮಾರ್ಗ, ತಿಳೀತಾ?"
ತಲೆಯಾಡಿಸಿದಳು.
ಸಂಜೆ ಗಂಡನಿಗೂ ಹೇಳಿದೆ,
ಇವತ್ತೊಂದು ಮಗುವನ್ನು ದಾರಿಗೆ ತಂದೆ ಅಂತ.

ಜನವರಿಯಿಂದ ಅವಳು ಕಾಲೇಜಿಗೇ ಬರಲಿಲ್ಲ.

ಏಪ್ರಿಲಿನಲ್ಲಿ ಸಮೀಕ್ಷೆಯ ಡ್ಯೂಟಿ.
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಉದ್ದದ ಫಾರಂ,
ದೇವರಪುರದ ಆಚೆ ತೋಟವೊಂದರ ಲೈನ್ ಮನೆ.
ಫಾರಮ್ಮಿನೆದುರು ನನ್ನ ಮಾತು ನಡೆಯುವುದಿಲ್ಲ.
ಕೇಳಬೇಕು, ಕೇಳಿ ಸುಮ್ಮನಿರಬೇಕು,
ಹೇಳಿದ್ದನ್ನೇ ಬರೆಯಬೇಕು.
ಜಾನುವಿನ ತಾಯಿ ಬೊಳ್ಳಿ ಮೆಟ್ಟಿಲ ಮೇಲೆ ಕೂತು
ಎರವರ ಮಾತಿಗೆ ನನಗೋಸ್ಕರ ಕನ್ನಡ ಬೆರೆಸುತ್ತ
ಒಂದೊಂದಾಗಿ ಹೇಳಿದಳು.
ಓದು ಬಿಟ್ಟ ಮಕ್ಕಳು: ಒಬ್ಬಳು.
ಕಾರಣ:
"ಬಸ್ಸಿಲ್ಲ."

ಪೆನ್ನು ನಿಂತಿತು.
ನಾಲ್ಕು ಹತ್ತಕ್ಕೊಂದು, ಆಮೇಲೆ ಆರೂಕಾಲಿಗೆ.
ನನ್ನ ಲ್ಯಾಬ್ ಬಿಡುವುದು ನಾಲ್ಕೂವರೆಗೆ.
ಇಳಿದ ಮೇಲೆ ತೋಟದೊಳಗೆ ಎರಡು ಮೈಲಿ,
ಕತ್ತಲಾದರೆ ಅದು ಆನೆಗಳದ್ದು.
ಹೋದ ವರ್ಷ ಅವಳ ಮಾವ ಅದೇ ತಿರುವಿನಲ್ಲಿ...
ಬೊಳ್ಳಿ ಕೈ ಬೀಸಿ ಮಾತನ್ನು ಅಲ್ಲಿಗೇ ಬಿಟ್ಟಳು.
ಮನಸ್ಸು ಬೇಕಾದಷ್ಟಿತ್ತು.
ಇರದಿದ್ದದ್ದು ಮಾರ್ಗ.

ಬ್ಯೂರೆಟ್ಟಿನ ತಿರುಪನ್ನು ಪೂರ್ತಿ ತೆರೆದುಬಿಡುವ ಮಕ್ಕಳನ್ನು
ಎಷ್ಟು ಬೈದಿಲ್ಲ ನಾನು!
ಹನಿಹನಿಯಾಗಿ ಬಿಡು, ಫ್ಲಾಸ್ಕು ನೋಡು, ತಡಿ,
ಒಂದೇ ಒಂದು ಹನಿಗೆ ಬಣ್ಣ ಬರುತ್ತೆ.
ಅವಳೆದುರು ಇಪ್ಪತ್ತು ವರ್ಷವನ್ನು
ಒಂದೇ ಸಲ ಸುರಿದವಳು.

ಲ್ಯಾಬನ್ನು ಬೆಳಿಗ್ಗೆಗೆ ತಂದೆ. ಹತ್ತು ನಿಮಿಷದ ಕೆಲಸ ಅದು,
ಟೈಮ್ ಟೇಬಲ್ಲಿನಲ್ಲಿ ಎರಡು ಚೌಕ ಅದಲುಬದಲು.
ಡಿಪೋಗೆ ಬರೆದ ಅರ್ಜಿ
ಪರಿಶೀಲನೆಯಲ್ಲಿದೆಯಂತೆ, ಈಗಲೂ.
ಜಾನು ಜೂನಿನಲ್ಲಿ ಬಂದಳು, ಕಲಾ ವಿಭಾಗಕ್ಕೆ,
ಎರಡು ಗಂಟೆಗೇ ಮುಗಿಯುತ್ತದಲ್ಲ.
ವಿಜ್ಞಾನಕ್ಕೆ ವಾಪಸ್ ಬಾ ಎನ್ನಲು ಬಾಯಿ ತೆರೆದು
ಮುಚ್ಚಿಕೊಂಡೆ. ಮತ್ತೆ ನಾನೇ ಹೇಳುವುದೇ?
ಕ್ಷಮೆ ಕೇಳೋಣವೆಂದು ಕಾರಿಡಾರಿನಲ್ಲಿ ನಿಲ್ಲಿಸಿದರೆ
ಅವಳೇ ಮೊದಲು, "ಊಟ ಆಯ್ತಾ ಮೇಡಂ?"
ಆಯ್ತು ಅಂದೆ. ಆಗಿರಲಿಲ್ಲ.

ಮತ್ತೆ ಡಿಸೆಂಬರು. ಎಂಜಿನ್ನು ಶುರುವಾಗಿದೆ.
ನನ್ನ ಮೇಜಿನೆದುರು ಈಗ ಒಂದು ಕುರ್ಚಿ,
ಅದರಲ್ಲಿ ದ್ವಿತೀಯ ವರ್ಷದ ಶಮ್ಮಾಸ್,
ಮೂರು ಟೆಸ್ಟಿನಲ್ಲಿ ಖಾಲಿ ಹಾಳೆ ಕೊಟ್ಟವನು.
ಏನೋ ಅಂದ, ನೆಲಕ್ಕೆ.
ಎದ್ದು ಕಿಟಕಿ ಮುಚ್ಚಿ ಬಂದೆ.
"ಇನ್ನೊಂದ್ಸಲ ಹೇಳು."
ಡಬ್ಬಿಯಲ್ಲಿ ಅನ್ನ ಆರುತ್ತಿದೆ.
ನಾಲಿಗೆಯ ತುದಿಗೆ ಬಂದು ನಿಂತಿದೆ
ಬೀದಿದೀಪದಡಿಯ ಆ ಡಾಕ್ಟರು.
ತಡಿ, ಅನ್ನುತ್ತೇನೆ ನನಗೇ,
ಬಣ್ಣ ಇನ್ನೂ ಬಂದಿಲ್ಲ.