ಕಾಫಿ ಕಣದಲ್ಲಿ ಮನಿಲಾದ ಜೀಪು

ಗೋಣಿಕೊಪ್ಪದ ಆಚೆ, ಕ್ಯೂರಿಂಗ್ ವರ್ಕ್ಸಿನ ಹಿಂದಿನ ಕಣದಲ್ಲಿ
ಕಾಫಿಯನ್ನು ಬದಿಗೆ ಗುಡ್ಡೆ ಎಳೆದು, ತಾಡಪಾಲು ಮುಚ್ಚಿ,
ಎರಡು ಬಿದಿರಿಗೆ ಬಿಳಿ ಪಂಚೆ ಕಟ್ಟಿದ್ದೇವೆ.
ಸಿನಿಮಾ ಫಿಲಿಪ್ಪೀನ್ಸಿನದು.
ಮಾತು ಟಗಾಲೊಗ್, ಕೆಳಗೆ ಓಡುವ ಅಕ್ಷರ ಇಂಗ್ಲಿಷು,
ಅದನ್ನು ಹಿಡಿದು ಮೈಕಿನಲ್ಲಿ ಕನ್ನಡ ಮಾಡುವವಳು ನಾನು,
ಕೇಳಿ, ಪಕ್ಕದವರಿಗೆ ಕೊಡವ ತಕ್ಕಿನಲ್ಲಿ ತಿದ್ದಿ ಹೇಳುವವಳು
ಮುಂದಿನ ಸಾಲಿನ ಚೀಯವ್ವ.
ಮೂರು ತೊರೆ ದಾಟಿ ಬರುವಷ್ಟರಲ್ಲಿ
ಜಗಳದ ಮಾತೂ ಕ್ಷೇಮಸಮಾಚಾರ.

ಮೊದಲ ಹತ್ತು ನಿಮಿಷ ಯಾರಿಗೂ ಕಥೆ ಬೇಡ.
ಬೀದಿಯಲ್ಲಿ ಬಂತಲ್ಲ ಒಂದು ಗಾಡಿ,
ಮೂತಿ ನಮ್ಮ ಎಸ್ಟೇಟಿನ ಹಳೇ ಜೀಪಿನದೇ,
ಹಿಂದೆ ಬೋಗಿಯಷ್ಟು ಉದ್ದ, ಬಾನೆಟ್ಟಿನ ಮೇಲೆ ತಗಡಿನ ಕುದುರೆ,
ಪಕ್ಕದಲ್ಲಿ ಮೇರಿ ಮಾತೆ, ಹುಂಜ, ಯಾರದೋ ಮಗಳ ಹೆಸರು.
ಅಮೆರಿಕದವರು ಯುದ್ಧ ಮುಗಿಸಿ ಬಿಟ್ಟು ಹೋದದ್ದು, ಎಂದೆ.
"ನಮಗೆ ಮಿಲಿಟರಿ ಹರಾಜಿನಲ್ಲಿ ಸಿಕ್ಕಿದ್ದೂ ಅದೇ," ಎಂದ
ಮೆಕ್ಯಾನಿಕ್ ಉಮ್ಮರ್, ಎದ್ದು ಪರದೆಯ ಹತ್ತಿರ ಹೋಗಿ,
ಬೆನ್ನ ಮೇಲೆ ಮನಿಲಾದ ಅರ್ಧ ಬೀದಿ ಹೊತ್ತು.
"ಬಾಡಿ ನೋಡಿ ಮೋಸ ಹೋಗಬೇಡಿ ಟೀಚರ್,
ಶಬ್ದ ಕೇಳಿ. ಇಂಜಿನ್ ಜಪಾನಿನದು."
ಅವನನ್ನು ಕೂರಿಸಲು ಇಬ್ಬರು ಬೇಕಾಯಿತು.

ಹುಡುಗಿಯ ಹೆಸರು ಲುವಾಲ್ಹಾಟಿ.
ಲೋಲಾ ಲೋಲಾ ಎಂದು ಕರೆಯುತ್ತಾಳೆ, ಅಲ್ಲಿ ಹಾಗೆಂದರೆ ಅಜ್ಜಿ.
ಕನ್ನಡದಲ್ಲಿ ಆ ಶಬ್ದದ ನಡತೆ ಸ್ವಲ್ಪ ಬೇರೆ.
ಎರಡು ಸಲ ಹೇಳಿ, ನಕ್ಕವರನ್ನು ನೋಡಿ,
ಅಜ್ಜಿ ಎಂದೇ ಮಾಡಿದೆ. ಅಷ್ಟು ಕಳೆದುಹೋಯಿತು.

ಅಜ್ಜಿ ಮಡಕೆಗೆ ಹಂದಿಮಾಂಸ ಹಾಕಿ
ಬಾಟಲಿಯಿಂದ ಹುಳಿ ಹೊಯ್ದಳು.
"ಕಾಚಂಪುಳಿ!" ಕಣಕ್ಕೆಲ್ಲ ಒಂದೇ ಬಾಯಿ.
ತೆಂಗಿನ ಹೆಂಡದ ಹುಳಿ ಅದು, ಅಕ್ಷರ ಹೇಳುತ್ತಿತ್ತು,
ನಾನು ಹೇಳಲಿಲ್ಲ.
ಕೊನೆಗೆ ಹಾಕಬೇಕಾದ್ದನ್ನು ಮೊದಲೇ ಹಾಕಿದಳು ಎಂದು
ಚೀಯವ್ವನಿಗೆ ಮಾತ್ರ ಕೋಪ.

ಆಮೇಲೆ ಹೋಟೆಲು. ಅಜ್ಜಿಯ ಊರಿನ ಸುಗ್ಗಿಯ ಕುಣಿತವನ್ನು
ಹುಡುಗಿ ಊಟದ ಮೇಜುಗಳ ನಡುವೆ ಕುಣಿಯುತ್ತಾಳೆ, ದಿನಕ್ಕೆರಡು ಸಲ.
ಬಟ್ಟೆ ಹೋಟೆಲಿನವರು ಹೊಲಿಸಿದ್ದು, ಬೆನ್ನಿಗೆ ಜಿಪ್ಪು.
ಮುಗಿದ ಮೇಲೆ ಜೀನ್ಸ್ ಹಾಕಿ, ಮೆಟ್ಟಿಲಲ್ಲಿ ಕೂತು
ಯಾವುದೋ ಇಂಗ್ಲಿಷ್ ಹಾಡು ಗುನುಗುತ್ತ ನೋಟು ಎಣಿಸುತ್ತಾಳೆ.
ಸಂತೋಷವಾಗಿಯೇ ಇದ್ದಾಳೆ. ಅದೇ ತೊಂದರೆ.
ಕಣದಲ್ಲಿ ಯಾರೋ ಕೆಮ್ಮಿದರು.
ಮೂರನೇ ಸಾಲಿನ ಪೂವಿ (ಶನಿವಾರ ರೆಸಾರ್ಟಿನಲ್ಲಿ
ಎಂಟರಿಂದ ಒಂಬತ್ತು ಉಮ್ಮತ್ತಾಟ್, ಆಮೇಲೆ ಬಫೆ)
ಕಡಲೆ ತಿನ್ನುವುದನ್ನು ನಿಲ್ಲಿಸಲಿಲ್ಲ.
ಅವಳ ಕೆಂಪು ಸೀರೆಯ ಹಿಂದಿನ ನೆರಿಗೆಯೂ ಈಗ
ಹೊಲಿದೇ ಬರುತ್ತದೆ, ಎರಡು ಹುಕ್ಕು ಹಾಕಿದರೆ ಕೊಡವತಿ.
"ಚೆನ್ನಾಗಿ ಕುಣಿದಳು," ಎಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ,
"ಒಂದು ತಾಳ ತಪ್ಪಲಿಲ್ಲ."

ಕೊನೆಗೆ ಅಜ್ಜಿ ಹಾಸಿಗೆ ಹಿಡಿದಳು.
ಹುಡುಗಿ ಜಿಪ್ಪಿನ ಬಟ್ಟೆಯಲ್ಲೇ ಓಡಿ ಬಂದು ಪಕ್ಕದಲ್ಲಿ ಕೂತಳು.
ಅಜ್ಜಿ ಮಾತಾಡತೊಡಗಿದಳು, ಟಗಾಲೊಗ್ ಅಲ್ಲ,
ಬೆಟ್ಟದ ಯಾವುದೋ ಹಳೇ ನುಡಿ,
ಹುಡುಗಿಯ ಮುಖ ನೋಡಿದರೆ ಅವಳಿಗೂ ತಿಳಿಯದ್ದು.
ಕೆಳಗಿನ ಅಕ್ಷರ ಇಷ್ಟೇ: ಬೇರೆ ಭಾಷೆಯಲ್ಲಿ.
ಅಷ್ಟನ್ನೇ ಓದಿದೆ. ಬೇರೆ ಭಾಷೆಯಲ್ಲಿ.
ಮೈಕು ಸುಮ್ಮನೆ ಗುಂಯ್‌ಗುಟ್ಟಿತು.
ತಾಡಪಾಲಿನಡಿ ಕಾಫಿ ಹಗಲಿನ ಬಿಸಿಲನ್ನು ಬಿಡುತ್ತಿತ್ತು.

ಚೀಯವ್ವ ಎದ್ದಳು. ಮೈಕು ಕೇಳಲಿಲ್ಲ.
ನಿಂತಲ್ಲೇ, ತನ್ನ ತಕ್ಕಿನಲ್ಲಿ,
ಆ ತುಟಿಗಳನ್ನೇ ನೋಡುತ್ತ ಒಪ್ಪಿಸತೊಡಗಿದಳು:
ಬಾ ಕುಂಞಿ. ಬಿತ್ತದ ಭತ್ತ ಅಟ್ಟದ ಎಡಗಡೆ.
ಕೋಳಿಗೂಡಿಗೆ ಅಗುಳಿ ಹಾಕಿದೆಯಾ.
ನಾನು ಹೋದದ್ದನ್ನು ಕರಿ ಹಸುವಿಗೆ ನೀನೇ ಹೇಳು,
ಬೇರೆಯವರು ಹೇಳಿದರೆ ಹಾಲು ಇಳಿಸುವುದಿಲ್ಲ.
ಯಾರೂ ಅನುಮಾನಿಸಲಿಲ್ಲ. ನಾನೂ.
ಪರದೆಯ ಮೇಲೆ ಹುಡುಗಿ ತಲೆಯಾಡಿಸಿದಳು.

ದೀಪ ಹಾಕಿದ ಮೇಲೆ ಉಮ್ಮರ್ ಮತ್ತೆ ಬಂದ.
ಜೀಪಿನ ಜಾಗ ಒಂದು ಸಲ ಹಿಂದಕ್ಕೆ ತಿರುಗಿಸಿ,
ಹುಂಜದ ಬಾಲಕ್ಕೆ ಯಾವ ಬಣ್ಣ ಬರೆದುಕೊಳ್ಳಬೇಕು.
ತಿರುಗಿಸುವಾಗ ಕುಣಿತವೂ ಬಂತು, ಹಿಂದುಮುಂದಾಗಿ.
ಕುರ್ಚಿ ಒಟ್ಟುತ್ತಿದ್ದ ಪೂವಿ ಅಲ್ಲೇ ನಿಂತಳು.
ಕೈ ತುಂಬ ಕುರ್ಚಿ. ಕಾಲು ಮಾತ್ರ
ಚದುರಿದ ಕಾಫಿಬೀಜದ ಮೇಲೆ, ಉಮ್ಮತ್ತಾಟಿನದಲ್ಲದ
ಒಂದು ಹೆಜ್ಜೆಯ ಅಳತೆ ನೋಡುತ್ತಿತ್ತು.